ಕಾಂಡಕೋಶಗಳಿಗೆ ವಿದ್ಯುತ್ತಿನಿಂದ ದಾರಿ ತೋರಿಸುವುದು: ಗಾಜಿನ ತಟ್ಟೆಯಲ್ಲಿ ಆಗುವುದು ನನ್ನ ತಮ್ಮನ ಬೆನ್ನಿನಲ್ಲಿ ಆದೀತೇ?

ರಾಜಾಜಿನಗರದ ನಿವೃತ್ತ ಎಂಜಿನಿಯರ್:
ಎಲ್ಲರಿಗೂ ನಮಸ್ಕಾರ. ನಾನು ಮೂವತ್ತನಾಲ್ಕು ವರ್ಷ ವಿದ್ಯುತ್ ಪ್ರಸರಣದ ಕೆಲಸ ಮಾಡಿ ನಿವೃತ್ತನಾದವನು. ನಾಲ್ಕು ವರ್ಷಗಳ ಹಿಂದೆ ನನ್ನ ತಮ್ಮ ತುಮಕೂರು ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದಿಂದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದಾನೆ. ಕಳೆದ ವಾರ ನಗರದ ಒಂದು ಖಾಸಗಿ ಕೇಂದ್ರದವರು, ಅವನದೇ ಅಸ್ಥಿಮಜ್ಜೆಯಿಂದ ಕಾಂಡಕೋಶಗಳನ್ನು (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್‌ಗಳನ್ನು) ತೆಗೆದು ಬೆನ್ನಿಗೆ ಚುಚ್ಚುತ್ತೇವೆ, ಆಮೇಲೆ ಚರ್ಮದ ಮೇಲೆ ಪ್ಯಾಡ್ ಅಂಟಿಸಿ ಸಣ್ಣ ಕರೆಂಟ್ ಕೊಟ್ಟು ಆ ಕೋಶಗಳನ್ನು ಗಾಯದ ಜಾಗಕ್ಕೆ ಕರೆದೊಯ್ಯುತ್ತೇವೆ ಎಂದು ಹೇಳಿದರು. ಅದಕ್ಕೆ ಆರು ಲಕ್ಷ ರೂಪಾಯಿ ಆಗುತ್ತದಂತೆ. ಇಲಿಗಳ ಮಿದುಳಿನಲ್ಲಿ ಇದು ಸಾಬೀತಾಗಿದೆ ಎಂದು ಒಂದು ಸಂಶೋಧನಾ ಲೇಖನದ ಮೊದಲ ಪುಟವನ್ನೂ ತೋರಿಸಿದರು.

ಹಣದ ಮಾತು ಆಮೇಲೆ. ವೋಲ್ಟೇಜ್, ಕರೆಂಟ್, ರೋಧಗಳ ನಡುವೆಯೇ ಆಯಸ್ಸು ಕಳೆದ ನನಗೆ ಮೂಲ ವಿಷಯವೇ ಅರ್ಥವಾಗುತ್ತಿಲ್ಲ. ಜೀವಕೋಶ ಲೋಹದ ಚೂರಲ್ಲ, ಅದನ್ನು ವಿದ್ಯುತ್ತು ಎಳೆಯುವುದಾದರೂ ಹೇಗೆ? ಎಷ್ಟು ವೋಲ್ಟ್ ಬೇಕು? ಚರ್ಮದ ಮೇಲಿನ ಪ್ಯಾಡಿನಿಂದ ಬೆನ್ನುಹುರಿಯವರೆಗೆ ಅಷ್ಟು ತಲುಪುತ್ತದೆಯೇ? ಬಲ್ಲವರು ದಯವಿಟ್ಟು ಬಿಡಿಸಿ ಹೇಳಬೇಕು.

ಬಸವನಗುಡಿಯ ಸಂಶಯಿ:
ಸರ್, ಒಂದು ರೂಪಾಯಿಯನ್ನೂ ಕೊಡಬೇಡಿ. ಅಯಸ್ಕಾಂತದ ಬಳೆ ತೊಟ್ಟರೆ ಮಂಡಿನೋವು ಹೋಗುತ್ತದೆ ಎಂದು ಮಾರುವವರ ಸಾಲಿಗೇ ಇವರೂ ಸೇರಿದವರು. ವಿದ್ಯುತ್ತಿನಿಂದ ಕೋಶ ನಡೆಯುತ್ತದೆ ಎನ್ನುವುದೇ ಕಟ್ಟುಕತೆ.

ಯಲಹಂಕದ ಸಂಶೋಧನಾ ವಿದ್ಯಾರ್ಥಿನಿ:
ಸಂಶಯಿ ಅವರೇ, ಹಣ ಕೊಡಬೇಡಿ ಎಂಬ ಮಾತನ್ನು ಒಪ್ಪುತ್ತೇನೆ, ಕಟ್ಟುಕತೆ ಎಂಬ ಮಾತನ್ನು ಒಪ್ಪಲಾರೆ. ನಾನು ಕೋಶಗಳ ಚಲನೆಯ ಮೇಲೆಯೇ ಪಿಎಚ್‌.ಡಿ. ಮಾಡುತ್ತಿದ್ದೇನೆ, ಇದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡಿದ್ದೇನೆ.

ನಮ್ಮ ದೇಹವೇ ಇದನ್ನು ಮಾಡುತ್ತದೆ. ಚರ್ಮದ ಕೋಶಗಳು ಸೋಡಿಯಂ ಅಯಾನುಗಳನ್ನು ಸದಾ ಒಳಕ್ಕೆ ತಳ್ಳುತ್ತಿರುವುದರಿಂದ ಚರ್ಮದ ಒಳಬದಿ ಹೊರಬದಿಗಿಂತ ಕೆಲವು ಹತ್ತು ಮಿಲಿವೋಲ್ಟ್‌ಗಳಷ್ಟು ಧನವಾಗಿರುತ್ತದೆ. ಗಾಯವಾಯಿತೆಂದರೆ ಆ ಪದರ ಹರಿದು ಶಾರ್ಟ್ ಸರ್ಕ್ಯೂಟ್ ಆದಂತೆ; ಬಿರುಕು ಬಿಟ್ಟ ಇನ್ಸುಲೇಟರಿನಲ್ಲಿ ಸೋರುವ ಕರೆಂಟಿನ ಹಾಗೆ, ಸುತ್ತಲಿನ ಅಂಗಾಂಶದಿಂದ ಗಾಯದ ಕಡೆಗೆ ಪ್ರವಾಹ ಹರಿಯತೊಡಗುತ್ತದೆ, ಗಾಯದ ನಡುಭಾಗ ಋಣಧ್ರುವವಾಗುತ್ತದೆ. ಜರ್ಮನಿಯ ಎಮಿಲ್ ಡು ಬೋಯಿ ರೇಮಂಡ್ 1843ರಲ್ಲಿ ತನ್ನ ಬೆರಳಿನ ಗಾಯದಿಂದಲೇ ಈ ಪ್ರವಾಹವನ್ನು ಅಳೆದಿದ್ದ. 1982ರಲ್ಲಿ ಗಿನಿಪಿಗ್‌ಗಳ ಚರ್ಮದಲ್ಲಿ ಅಳೆದವರಿಗೆ ಗಾಯದಂಚಿನಲ್ಲಿ ಮಿಲಿಮೀಟರಿಗೆ ನೂರು ಮಿಲಿವೋಲ್ಟ್‌ಗೂ ಮೀರಿದ ವಿದ್ಯುತ್ ಕ್ಷೇತ್ರ ಸಿಕ್ಕಿತು. ಚರ್ಮದ ಕೋಶಗಳು ಗಾಯವನ್ನು ಮುಚ್ಚಲು ಯಾವ ಕಡೆಗೆ ತೆವಳಬೇಕು ಎಂಬುದಕ್ಕೆ ಇದೂ ಒಂದು ಸೂಚನೆ.

ಎಳೆಯುವುದು ಹೇಗೆ ಎಂದು ಕೇಳಿದಿರಿ, ಸರ್. ಎಳೆಯುವುದೇ ಇಲ್ಲ. ಕೋಶಪೊರೆ ಒಳ್ಳೆಯ ನಿರೋಧಕವಾದ್ದರಿಂದ ಹೊರಗಿನ ಕ್ಷೇತ್ರ ಕೋಶದ ಒಳಕ್ಕೆ ಹೆಚ್ಚೇನೂ ಇಳಿಯುವುದಿಲ್ಲ. ಪೊರೆಯ ಹೊರಮೈಯಲ್ಲಿ ತೇಲುವ, ವಿದ್ಯುದಂಶವಿರುವ ಪ್ರೋಟೀನುಗಳು ಒಂದು ಬದಿಗೆ ಸರಿಯುತ್ತವೆ, ಆ ಬದಿಯಲ್ಲಿ ಪಿಐ3ಕೆ ಎಂಬ ಕಿಣ್ವದ ಸಂಕೇತಜಾಲ ಚುರುಕಾಗುತ್ತದೆ, ಕೋಶದೊಳಗಿನ ಆ್ಯಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಬೆಳೆದು ಕೋಶ ಅತ್ತ ಕಾಲು ಚಾಚುತ್ತದೆ. ನಡೆಯುವುದು ಕೋಶವೇ, ತನ್ನದೇ ಶಕ್ತಿಯಿಂದ. ವಿದ್ಯುತ್ತು ದಿಕ್ಕನ್ನು ತೋರಿಸುತ್ತದೆ, ಅಷ್ಟೆ.

ಬಸವನಗುಡಿಯ ಸಂಶಯಿ:
ಗಾಯದಲ್ಲಿ ಕರೆಂಟ್ ಇದ್ದಮಾತ್ರಕ್ಕೆ ಅದೇ ದಿಕ್ಕು ತೋರಿಸುತ್ತದೆ ಎಂದು ಹೇಳುವುದು ಹೇಗೆ? ಗಾಯದಲ್ಲಿ ರಾಸಾಯನಿಕಗಳೂ ಇರುತ್ತವೆ, ಪಕ್ಕದ ಜಾಗ ಖಾಲಿಯೂ ಆಗಿರುತ್ತದೆ. ಕೋಶಗಳು ಅವುಗಳ ಕಾರಣದಿಂದಲೂ ಸರಿಯಬಹುದಲ್ಲ?

ಯಲಹಂಕದ ಸಂಶೋಧನಾ ವಿದ್ಯಾರ್ಥಿನಿ:
ಒಳ್ಳೆಯ ಪ್ರಶ್ನೆ. 2006ರಲ್ಲಿ ಮಿನ್ ಜಾವ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಇದನ್ನೇ ಪರೀಕ್ಷಿಸಿ ಬರೆದರು. ಗಾಯಕ್ಕೆ ಹೊರಗಿನಿಂದ, ಸಹಜ ದಿಕ್ಕಿಗೆ ವಿರುದ್ಧವಾಗಿ ಕ್ಷೇತ್ರ ಕೊಟ್ಟಾಗ, ಉಳಿದೆಲ್ಲ ಸೂಚನೆಗಳೂ ಗಾಯದ ಕಡೆಗೇ ಕರೆಯುತ್ತಿದ್ದರೂ, ಕೋಶಗಳು ವಿದ್ಯುತ್ತಿನ ಮಾತು ಕೇಳಿ ಗಾಯದಿಂದ ದೂರ ಸರಿದವು. ಪಿಐ3ಕೆ ಕಿಣ್ವದ ಗಾಮಾ ರೂಪವನ್ನು ಇಲ್ಲವಾಗಿಸಿದಾಗ ಆ ಪ್ರತಿಕ್ರಿಯೆ ಕುಂದಿತು. ಹಾಗಾಗಿ ಇದು ಜೊತೆಯಲ್ಲಿ ಸುಮ್ಮನೆ ಕಾಣಿಸಿಕೊಳ್ಳುವ ಸಂಗತಿಯಲ್ಲ, ಕಾರಣವೇ ಹೌದು.

ಬಸವನಗುಡಿಯ ಸಂಶಯಿ:
ಸರಿ, ಕಟ್ಟುಕತೆ ಎಂಬ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಉಳಿದದ್ದನ್ನು ಹಿಂತೆಗೆಯುವುದಿಲ್ಲ.

ಹನುಮಂತನಗರದ ಕನ್ನಡ ಮೇಷ್ಟ್ರು:
ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆ ಇರಲಿ. "ಕಾಂಡಕೋಶ" ಎಂದಾಗ ನನ್ನ ವಿದ್ಯಾರ್ಥಿಗಳು ಗಿಡದ ಕಾಂಡವನ್ನು ನೆನೆಯುತ್ತಾರೆ. ಕೆಲವು ಪತ್ರಿಕೆಗಳು ಬಳಸುವ "ಆಕರಕೋಶ" ಇದಕ್ಕಿಂತ ಚೆನ್ನಾಗಿದೆ, ಬೇರೆ ಕೋಶಗಳಿಗೆ ಆಕರವಾಗುವ ಕೋಶ ಎಂಬ ಅರ್ಥ ನೇರವಾಗಿ ಬರುತ್ತದೆ.

ಯಲಹಂಕದ ಸಂಶೋಧನಾ ವಿದ್ಯಾರ್ಥಿನಿ:
ಅರ್ಥದ ದೃಷ್ಟಿಯಿಂದ ನೀವು ಹೇಳುವುದು ಸರಿ, ಸರ್. ಆದರೆ ಆಸ್ಪತ್ರೆಯ ಕರಪತ್ರಗಳಲ್ಲಿ ಜನ ಓದುವುದು ಕಾಂಡಕೋಶ ಅಥವಾ ಸ್ಟೆಮ್ ಸೆಲ್ ಎಂದೇ. ಎಚ್ಚರಿಕೆಯನ್ನು ಹೇಳುವಾಗ ಅವರಿಗೆ ಗೊತ್ತಿರುವ ಪದವನ್ನೇ ಹೇಳೋಣ ಎಂಬುದು ನನ್ನ ನಿಲುವು.

ರಾಜಾಜಿನಗರದ ನಿವೃತ್ತ ಎಂಜಿನಿಯರ್:
ಇನ್ಸುಲೇಟರಿನ ಹೋಲಿಕೆಯಿಂದ ನನಗೆ ತಟ್ಟನೆ ಅರ್ಥವಾಯಿತು ತಾಯಿ, ಬಹಳ ಉಪಕಾರ. ಒಂದು ಲೆಕ್ಕ ಹಾಕಿದ್ದೇನೆ, ತಪ್ಪಿದ್ದರೆ ತಿದ್ದಿ. ಮಿಲಿಮೀಟರಿಗೆ 100 ಮಿಲಿವೋಲ್ಟ್ ಎಂದರೆ ಸೆಂಟಿಮೀಟರಿಗೆ 1 ವೋಲ್ಟ್. ಕೋಶದ ಉದ್ದ ಸುಮಾರು 15 ಮೈಕ್ರೋಮೀಟರ್ ಎಂದು ಹಿಡಿದರೆ ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ಇರುವ ವ್ಯತ್ಯಾಸ ಬರೀ 1.5 ಮಿಲಿವೋಲ್ಟ್. ಇಷ್ಟು ಅಲ್ಪವಾದದ್ದನ್ನು ಕೋಶ ಗುರುತಿಸುತ್ತದೆಯೇ? ಮತ್ತೆ, ಪ್ರಯೋಗದಲ್ಲಿ ಡಿ.ಸಿ. (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಕೊಟ್ಟರೆ ಎಲೆಕ್ಟ್ರೋಡುಗಳಲ್ಲಿ ವಿದ್ಯುದ್ವಿಭಜನೆ ಆಗಿ ದ್ರವ ಕೆಡುವುದಿಲ್ಲವೇ? ಬ್ಯಾಟರಿ ಕೊಠಡಿಯಲ್ಲಿ ಎದ್ದ ಅನಿಲದ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ.

ಯಲಹಂಕದ ಸಂಶೋಧನಾ ವಿದ್ಯಾರ್ಥಿನಿ:
ಲೆಕ್ಕ ಸರಿಯಾಗಿದೆ, ಕೋಶ ಅದನ್ನು ಗುರುತಿಸುತ್ತದೆ ಎಂಬುದೇ ಈ ವಿಷಯದ ಬೆರಗು. ವಿದ್ಯುದ್ವಿಭಜನೆಯ ಬಗ್ಗೆ ನೀವು ಹೇಳಿದ್ದೂ ನಿಜ, ನಮ್ಮ ಅರ್ಧ ಶ್ರಮ ಹೋಗುವುದು ಅದನ್ನು ತಡೆಯುವುದರಲ್ಲೇ. ನಾವು ಮಾಡುವುದನ್ನು ಹಾಗೆಯೇ ಹೇಳುತ್ತೇನೆ. ಗಾಜಿನ ಎರಡು ಪಟ್ಟಿಗಳ ನಡುವೆ ಕಾಲು ಮಿಲಿಮೀಟರಿಗೂ ಕಡಿಮೆ ಎತ್ತರದ ಕಾಲುವೆಯನ್ನು ಮಾಡಿ ಅದರಲ್ಲಿ ಕೋಶಗಳನ್ನು ಬೆಳೆಸುತ್ತೇವೆ. ಕಾಲುವೆ ತೆಳುವಾದಷ್ಟೂ ಅದೇ ಕ್ಷೇತ್ರಕ್ಕೆ ಬೇಕಾಗುವ ಕರೆಂಟ್ ಕಡಿಮೆ, ಬಿಸಿಯಾಗುವುದೂ ಕಡಿಮೆ. ಎಲೆಕ್ಟ್ರೋಡುಗಳಾದ ಬೆಳ್ಳಿಯ ತಂತಿಗಳನ್ನು ಕೋಶಗಳ ಹತ್ತಿರಕ್ಕೇ ತರುವುದಿಲ್ಲ. ಅವು ದೂರದ ಉಪ್ಪುನೀರಿನ ಲೋಟಗಳಲ್ಲಿ ಇರುತ್ತವೆ, ಅಲ್ಲಿಂದ ಕಾಲುವೆಯವರೆಗೆ ಅಗಾರ್ ತುಂಬಿದ ಬಾಗಿದ ಗಾಜಿನ ಕೊಳವೆಗಳು ಸೇತುವೆಯಾಗುತ್ತವೆ. ಅಗಾರ್ ಎಂದರೆ ಮನೆಯಲ್ಲಿ ಪುಡ್ಡಿಂಗ್ ಮಾಡಲು ತರುವ ಚೈನಾ ಗ್ರಾಸ್, ಅದನ್ನೇ ಉಪ್ಪುದ್ರಾವಣದಲ್ಲಿ ಕರಗಿಸಿ ಹೆಪ್ಪುಗಟ್ಟಿಸಿರುತ್ತೇವೆ. ಎಲೆಕ್ಟ್ರೋಡಿನಲ್ಲಿ ಹುಟ್ಟುವ ಆಮ್ಲ, ಕ್ಷಾರಗಳು ಆ ಸೇತುವೆಯನ್ನು ದಾಟಿ ಬರುವ ಹೊತ್ತಿಗೆ ಪ್ರಯೋಗ ಮುಗಿದಿರುತ್ತದೆ.

ಮೊದಲ ಸಲ ಇದನ್ನು ಮಾಡಿದ ರಾತ್ರಿ ನಾನು ಲ್ಯಾಬಿನಲ್ಲೇ ಕೂತಿದ್ದೆ. ಐದು ನಿಮಿಷಕ್ಕೊಂದು ಚಿತ್ರ. ಮೊದಲ ಗಂಟೆಯಲ್ಲಿ ಕೋಶಗಳು ದಿಕ್ಕುದೆಸೆಯಿಲ್ಲದೆ ಅಲೆದಾಡಿದವು, ಆಮೇಲೆ ಒಂದೊಂದಾಗಿ ಋಣಧ್ರುವದ ಕಡೆಗೆ ಅಗಲವಾದ ತೆಳು ಪದರವನ್ನು ಚಾಚಿಕೊಂಡು ಹೊರಟವು. ಮೂರನೆಯ ಗಂಟೆಗೆ ಧ್ರುವಗಳನ್ನು ಅದಲು ಬದಲು ಮಾಡಿದೆ. ಮುಂದಿನ ಚಾಚು ಸುಕ್ಕಾಗಿ ಕುಗ್ಗಿತು, ಬಾಲವಿದ್ದ ಜಾಗದಲ್ಲಿ ಹೊಸ ಚಾಚು ಮೂಡಿತು, ಎಲ್ಲವೂ ಬಂದ ದಾರಿಗೆ ತಿರುಗಿದವು. ಬೆಳಗಿನ ಜಾವ ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೆ.

ಬಯೋಮೆಡಿಕಲ್ ಕೊನೆಯ ವರ್ಷ:
ಅಕ್ಕ, ಆ ಇಲಿಯ ಲೇಖನವನ್ನು ನಾನೂ ಓದಿದ್ದೇನೆ. 2017ರಲ್ಲಿ ಸ್ಟೆಮ್ ಸೆಲ್ ರಿಪೋರ್ಟ್ಸ್ ಪತ್ರಿಕೆಯಲ್ಲಿ ಬಂದದ್ದು. ಮನುಷ್ಯರ ನರ ಕಾಂಡಕೋಶಗಳನ್ನು ಇಲಿಯ ಮಿದುಳಿಗೆ ಸೇರಿಸಿ, ಒಳಗೇ ಎಲೆಕ್ಟ್ರೋಡ್ ಇಟ್ಟು ನಡೆಸಿದ್ದಾರೆ. ಮಿದುಳಿನಲ್ಲಿ ಹೊಸ ನರಕೋಶಗಳು ದ್ರವ ತುಂಬಿದ ಕುಹರದ ಅಂಚಿನಿಂದ ಹೊರಟು ವಾಸನೆಯನ್ನು ಗ್ರಹಿಸುವ ಭಾಗಕ್ಕೆ ಹರಿಯುವ ಒಂದು ಸಹಜ ದಾರಿ ಇದೆ. ಅವರು ಕೋಶಗಳನ್ನು ಬೇಕೆಂದೇ ಆ ದಾರಿಯ ನಡುವೆ ಬಿಟ್ಟು, ಹೊಳೆಯಲ್ಲಿ ಎದುರೀಜು ಈಜಿಸಿದಂತೆ ಹಿಂದಕ್ಕೆ ನಡೆಸಿದರು. ಮೂರು ವಾರಗಳ ನಂತರವೂ ನಾಲ್ಕು ತಿಂಗಳ ನಂತರವೂ ಆ ಕೋಶಗಳು ಬದುಕಿದ್ದವು, ಕೆಲವು ನರಕೋಶಗಳಾಗುವ ಲಕ್ಷಣವನ್ನೂ ತೋರಿದ್ದವು. ಇಷ್ಟು ದೊಡ್ಡ ಕೆಲಸವಾಗಿರುವಾಗ ಇಲ್ಲಿ ಎಲ್ಲರೂ ಬೇಡ ಬೇಡ ಎನ್ನುತ್ತಿರುವುದು ನನಗೆ ಸರಿಕಾಣುವುದಿಲ್ಲ. ಯಾರಾದರೂ ಮೊದಲ ಹೆಜ್ಜೆ ಇಡಲೇಬೇಕಲ್ಲವೇ?

ಜಯನಗರದ ನರರೋಗ ವೈದ್ಯೆ:
ಮೊದಲ ಹೆಜ್ಜೆ ಇಡುವವರು ರೋಗಿಯಿಂದ ಹಣ ವಸೂಲಿ ಮಾಡುವುದಿಲ್ಲ, ಮಗು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳ 2017ರ ಮಾರ್ಗಸೂಚಿಯನ್ನು ಓದಿ. ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ರಕ್ತಜನಕ ಕಾಂಡಕೋಶಗಳ ಕಸಿಯನ್ನು ಬಿಟ್ಟರೆ ಉಳಿದದ್ದೆಲ್ಲವೂ ಸಂಶೋಧನೆಯೇ ಹೊರತು ಚಿಕಿತ್ಸೆಯಲ್ಲ, ಅನುಮತಿ ಪಡೆದ ಕ್ಲಿನಿಕಲ್ ಪರೀಕ್ಷೆಯಾಗಿಯೇ ನಡೆಯಬೇಕು. ಅಂಥ ಪರೀಕ್ಷೆಗಳು ಭಾರತದ ಕ್ಲಿನಿಕಲ್ ಟ್ರಯಲ್ಸ್ ನೋಂದಣಿಯಲ್ಲಿ ದಾಖಲಾಗಿರುವುದು 2009ರ ಜೂನ್‌ನಿಂದಲೇ ಕಡ್ಡಾಯ. ಆ ಕೇಂದ್ರದವರ ನೋಂದಣಿ ಸಂಖ್ಯೆಯನ್ನು ಕೇಳಿ.

ಇಲಿಯ ಪ್ರಯೋಗದ ಬಗ್ಗೆ ಒಂದು ಮಾತು. ಅವರು ಆ ಇಲಿಗಳಲ್ಲಿ ಯಾವ ಕಾಯಿಲೆಯನ್ನೂ ಗುಣಪಡಿಸಲಿಲ್ಲ, ಗುಣಪಡಿಸಿದೆವು ಎಂದು ಹೇಳಿಕೊಳ್ಳಲೂ ಇಲ್ಲ. ಕೋಶಗಳನ್ನು ಬೇಕಾದ ಕಡೆಗೆ ನಡೆಸಬಹುದು ಎಂದಷ್ಟೇ ತೋರಿಸಿದರು. ಕೋಶ ಜಾಗಕ್ಕೆ ತಲುಪಿದರೆ ಸಾಲದು. ಅದು ನರಕೋಶವಾಗಬೇಕು, ಸರಿಯಾದ ಕೋಶದೊಂದಿಗೆ ಸಂಧಿಸಬೇಕು, ಗಡ್ಡೆಯಾಗಿ ಬೆಳೆಯಬಾರದು. ಬೆನ್ನುಹುರಿಯ ಹಳೆಯ ಗಾಯದಲ್ಲಿ ಗಟ್ಟಿಯಾದ ಕಲೆಯ ಅಂಗಾಂಶವೂ ಅಡ್ಡ ಇರುತ್ತದೆ.

ಬಯೋಮೆಡಿಕಲ್ ಕೊನೆಯ ವರ್ಷ:
ಮೇಡಂ, ನಾನು ಆ ಕೇಂದ್ರದ ಪರವಾಗಿ ಹೇಳಲಿಲ್ಲ, ವಿಜ್ಞಾನದ ಪರವಾಗಿ ಹೇಳಿದೆ. ಮೂಳೆ ಕೂಡದಿದ್ದಾಗ ವಿದ್ಯುತ್ ಪ್ರಚೋದನೆ ಕೊಡುವ ಉಪಕರಣಗಳಿಗೆ ಅಮೆರಿಕದಲ್ಲಿ 1979ರಲ್ಲೇ ಅನುಮತಿ ಸಿಕ್ಕಿತ್ತು. ಬೆನ್ನುಹುರಿಯಲ್ಲೂ ಮನುಷ್ಯರ ಮೇಲೆ ಪರೀಕ್ಷೆ ನಡೆದಿದೆ. 2005ರಲ್ಲಿ ಇಂಡಿಯಾನಾದ ವೈದ್ಯರು ಹತ್ತು ಜನರಿಗೆ ಎಲೆಕ್ಟ್ರೋಡುಗಳನ್ನು ಅಳವಡಿಸಿದ ವರದಿ ಇದೆ.

ಜಯನಗರದ ನರರೋಗ ವೈದ್ಯೆ:
ಇದೆ. ಅದನ್ನು ಪೂರ್ತಿ ಹೇಳಬೇಕು. ಅಲ್ಲಿ ಕಾಂಡಕೋಶಗಳೇ ಇರಲಿಲ್ಲ, ಅಲ್ಲೇ ಉಳಿದ ನರತಂತುಗಳು ಬೆಳೆಯಲಿ ಎಂಬುದು ಉದ್ದೇಶ. ನರತಂತುಗಳು ಋಣಧ್ರುವದ ಕಡೆಗೆ ಬೆಳೆದು ಧನಧ್ರುವದ ಕಡೆಯಿಂದ ಹಿಂಜರಿಯುತ್ತವೆ ಎಂಬ ಕಾರಣಕ್ಕೆ ಹದಿನೈದು ನಿಮಿಷಕ್ಕೊಮ್ಮೆ ಧ್ರುವಗಳನ್ನು ಬದಲಿಸುತ್ತಿದ್ದರು. ಪೆಟ್ಟು ಹೊಸದಾಗಿದ್ದಾಗಲೇ, ಶಸ್ತ್ರಚಿಕಿತ್ಸೆ ಮಾಡಿ, ಬೆನ್ನುಮೂಳೆಯ ಹತ್ತಿರವೇ ಎಲೆಕ್ಟ್ರೋಡ್ ಇಟ್ಟು ಮಾಡಿದ ಕೆಲಸ ಅದು. ನಾಲ್ಕು ವರ್ಷದ ಹಳೆಯ ಗಾಯಕ್ಕೆ ಚರ್ಮದ ಮೇಲಿನಿಂದ ಕೊಡುವುದಕ್ಕೆ ಅದನ್ನು ಸಾಕ್ಷಿಯಾಗಿ ತರಲಾಗದು. ಹೋಲಿಸಿ ನೋಡಲು ಈ ಚಿಕಿತ್ಸೆ ಪಡೆಯದ ಗುಂಪೂ ಅದರಲ್ಲಿ ಇರಲಿಲ್ಲ, ಮೊದಲ ಹಂತದ ಪರೀಕ್ಷೆ.

ಬಯೋಮೆಡಿಕಲ್ ಕೊನೆಯ ವರ್ಷ:
ಒಪ್ಪಿದೆ, ಮೇಡಂ. ಶೀರ್ಷಿಕೆ ಮತ್ತು ಸಾರಾಂಶವನ್ನಷ್ಟೇ ಓದಿದ್ದೆ.

ವಿಜಯನಗರದ ಫಿಸಿಯೋಥೆರಪಿಸ್ಟ್:
ಪ್ಯಾಡಿನ ಬಗ್ಗೆ ಗೊಂದಲ ಬೇಡ. ನಾವೂ ದಿನಕ್ಕೆ ಹತ್ತು ಜನರಿಗೆ ಪ್ಯಾಡ್ ಅಂಟಿಸಿ ಕರೆಂಟ್ ಕೊಡುತ್ತೇವೆ. ಅದು ನೋವಿಗೆ, ಇಲ್ಲವೇ ಸ್ನಾಯುವನ್ನು ಕುಣಿಸಿ ಸೊರಗದಂತೆ ಇಡುವುದಕ್ಕೆ. ಪಾದ ಎತ್ತಲಾಗದವರಿಗೆ ನಡೆಯುವಾಗ ಸರಿಯಾದ ಹೊತ್ತಿಗೆ ಸ್ಪಂದ ಕೊಟ್ಟು ಪಾದ ಎತ್ತಿಸುವ ವಿಧಾನವನ್ನು 1961ರಲ್ಲೇ ಲಿಬರ್ಸನ್ ಎಂಬ ವೈದ್ಯರು ವಿವರಿಸಿದ್ದಾರೆ, ಇಂದಿಗೂ ಬಳಕೆಯಲ್ಲಿದೆ. ಅದರಿಂದ ಕಾಲು ಕದಲಿದ್ದನ್ನು ತೋರಿಸಿ "ನೋಡಿ, ಕೋಶಗಳು ಕೆಲಸ ಶುರುಮಾಡಿವೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೋಶಗಳನ್ನು ಚುಚ್ಚದೆಯೂ ಆ ಕಾಲು ಹಾಗೆಯೇ ಕದಲುತ್ತದೆ. ನನ್ನ ಬಳಿಗೆ ಬರುವ ಒಬ್ಬ ತಾಯಿ ಮಗನ ಕಾಲ್ಬೆರಳು ಅಲ್ಲಾಡಿದ ವಿಡಿಯೋವನ್ನು ತೋರಿಸುತ್ತಾ ಅತ್ತರು. ಅವರಿಗೆ ಸತ್ಯ ಹೇಳಲು ನನಗೆ ಎರಡು ದಿನ ಬೇಕಾಯಿತು.

ರಾಜಾಜಿನಗರದ ನಿವೃತ್ತ ಎಂಜಿನಿಯರ್:
ಇದೇ ನನಗೆ ಬೇಕಾಗಿದ್ದ ಸುಳಿವು. ಮಿದುಳಿಗೆ ನೆತ್ತಿಯ ಮೇಲಿನಿಂದ ಡಿ.ಸಿ. ಕೊಡುವ ಪದ್ಧತಿಯೊಂದಿದೆ ಎಂದು ಓದಿದೆ. ಅಲ್ಲಿ 2 ಮಿಲಿಆಂಪಿಯರ್ ಕೊಟ್ಟಾಗ ಮಿದುಳಿನೊಳಗೆ ಅಳತೆಗೆ ಸಿಕ್ಕ ಕ್ಷೇತ್ರ ಮೀಟರಿಗೆ 1 ವೋಲ್ಟಿಗಿಂತಲೂ ಕಡಿಮೆ. ನಮ್ಮ ವಿದ್ಯಾರ್ಥಿನಿ ಹೇಳಿದ ಮಿಲಿಮೀಟರಿಗೆ 100 ಮಿಲಿವೋಲ್ಟ್ ಎಂದರೆ ಮೀಟರಿಗೆ 100 ವೋಲ್ಟ್. ನೂರು ಪಟ್ಟು ವ್ಯತ್ಯಾಸ! ಅಷ್ಟನ್ನು ಮುಟ್ಟಬೇಕಾದರೆ 200 ಮಿಲಿಆಂಪಿಯರ್ ಕೊಡಬೇಕು, ಚರ್ಮ ಸುಟ್ಟುಹೋಗುತ್ತದೆ, ಮನುಷ್ಯನೂ ಉಳಿಯಲಾರ. ಬೆನ್ನು ತಲೆಬುರುಡೆಯಲ್ಲ ಎಂಬುದು ನಿಜ. ಆದರೆ ಅಲ್ಲಿ ಚರ್ಮ, ಕೊಬ್ಬು, ದಪ್ಪ ಸ್ನಾಯು, ಮೂಳೆ ಎಲ್ಲವೂ ಇವೆ. ಪ್ರವಾಹ ಕಡಿಮೆ ರೋಧದ ದಾರಿ ಹಿಡಿದು ಸ್ನಾಯುವಿನಲ್ಲೇ ಹಂಚಿಹೋಗುತ್ತದೆ. ಸುತ್ತಲಿನ ಅಂಗಾಂಶವನ್ನು ದಾಟಿ ಹುರಿಗೆ ಸೇರುವುದು ಅದರ ಅಲ್ಪ ಪಾಲು. ಪ್ಯಾಡಿನ ಮಾತು ಇಲ್ಲಿಗೆ ಬಿದ್ದುಹೋಯಿತು.

ಒಂದೇ ಒಂದು ಅನುಮಾನ ಉಳಿದಿದೆ. ಮುಂದೆ ಎಂದಾದರೂ ಒಳಗೇ ಎಲೆಕ್ಟ್ರೋಡ್ ಇಟ್ಟರೆ ಆಗ ಅಗಾರ್ ಸೇತುವೆ ಇರುವುದಿಲ್ಲವಲ್ಲ, ಅಲ್ಲಿ ಏನು ಮಾಡುತ್ತಾರೆ?

ಯಲಹಂಕದ ಸಂಶೋಧನಾ ವಿದ್ಯಾರ್ಥಿನಿ:
ಅದನ್ನು ಬಿಡಿಸಲು ಟೊರಾಂಟೊ ವಿಶ್ವವಿದ್ಯಾಲಯದ ಗುಂಪು ಬಹಳ ದುಡಿದಿದೆ. ಒಂದೇ ದಿಕ್ಕಿಗೆ ಪ್ರವಾಹ ಹರಿಸುವುದರ ಬದಲು ಎರಡೂ ದಿಕ್ಕಿಗೆ ಸ್ಪಂದಗಳನ್ನು ಕೊಟ್ಟು, ಒಟ್ಟು ವಿದ್ಯುದಂಶದ ಲೆಕ್ಕ ಸೊನ್ನೆಯಾಗುವಂತೆ ನೋಡಿಕೊಳ್ಳುತ್ತಾರೆ. ಎಲೆಕ್ಟ್ರೋಡಿನಲ್ಲಿ ಹಾನಿ ಕೂಡಿಬೀಳುವುದು ಅದರಿಂದ ತಗ್ಗುತ್ತದೆ, ಆದರೂ ಕೋಶಗಳು ಒಂದು ದಿಕ್ಕನ್ನು ಹಿಡಿಯುತ್ತವೆ. 2019ರಲ್ಲಿ ಅವರು ಇದನ್ನು ಜೀವಂತ ಇಲಿಗಳ ಮಿದುಳಿನಲ್ಲೂ ತೋರಿಸಿದರು.

ಅದೇ ಗುಂಪು 2011ರಲ್ಲಿ ಕಂಡುಕೊಂಡ ಇನ್ನೊಂದು ಸಂಗತಿ ಈ ಚರ್ಚೆಗೆ ಇನ್ನೂ ಮುಖ್ಯ. ಇನ್ನೂ ರೂಪ ತಾಳದ ನರ ಪೂರ್ವಕೋಶಗಳು ಋಣಧ್ರುವದ ಕಡೆಗೆ ಬಿರುಸಾಗಿ ಹೋಗುತ್ತವೆ. ಅವೇ ಕೋಶಗಳು ಬಲಿತು ರೂಪ ತಾಳಿದ ಮೇಲೆ ಅದೇ ಕ್ಷೇತ್ರಕ್ಕೆ ಕದಲುವುದಿಲ್ಲ. ಕೋಶದ ಜಾತಿ ಬದಲಾದರೆ ದಿಕ್ಕೇ ಬದಲಾಗಬಹುದು. ಸರ್, ನಿಮ್ಮ ತಮ್ಮನ ಅಸ್ಥಿಮಜ್ಜೆಯಿಂದ ತೆಗೆಯುತ್ತೇವೆ ಎಂದರಲ್ಲ, ಮನುಷ್ಯರ ಅಸ್ಥಿಮಜ್ಜೆಯ ಮೀಸೆಂಕೈಮಲ್ ಕಾಂಡಕೋಶಗಳು (ಮೂಳೆ, ಕೊಬ್ಬಿನಂಥ ಅಂಗಾಂಶಗಳಾಗಬಲ್ಲವು) ತಟ್ಟೆಯಲ್ಲಿ ಧನಧ್ರುವದ ಕಡೆಗೆ ಹೋಗುತ್ತವೆ ಎಂದು 2011ರ ಇನ್ನೊಂದು ಲೇಖನ ತೋರಿಸಿದೆ. ಆ ಖಾಸಗಿ ಕೇಂದ್ರದವರು ತೋರಿಸಿದ ಇಲಿಯ ಪ್ರಯೋಗದಲ್ಲಿ ಇದ್ದದ್ದು ನರ ಕಾಂಡಕೋಶಗಳು, ಋಣಧ್ರುವದ ಕಡೆಗೆ ನಡೆಯುವಂಥವು. ಎರಡನ್ನೂ ಒಂದೇ ಎಂದು ಹೇಳುವವರಿಗೆ ಗಾಯದ ಬಳಿ ಯಾವ ಧ್ರುವ ಇಡಬೇಕೆಂಬುದೇ ತಿಳಿದಿರಲಾರದು.

ವೇಗವನ್ನೂ ನೋಡಿ. ಗಂಟೆಗೆ 20 ಮೈಕ್ರೋಮೀಟರ್ ಎಂದು ಹಿಡಿದರೆ ಒಂದು ಸೆಂಟಿಮೀಟರ್ ಸಾಗಲು 500 ಗಂಟೆ, ಎಂದರೆ ಇಪ್ಪತ್ತೊಂದು ದಿನ, ಹಗಲೂ ರಾತ್ರಿ ಬಿಡದೆ. ಅವರು ಎಷ್ಟು ಹೊತ್ತು ಪ್ಯಾಡ್ ಇಡುತ್ತಾರಂತೆ?

ರಾಜಾಜಿನಗರದ ನಿವೃತ್ತ ಎಂಜಿನಿಯರ್:
ದಿನಕ್ಕೆ ಇಪ್ಪತ್ತು ನಿಮಿಷ, ಹತ್ತು ದಿನ.

ಬಸವನಗುಡಿಯ ಸಂಶಯಿ:
ಒಟ್ಟು 200 ನಿಮಿಷ. ಅವರ ಮಾತೆಲ್ಲವನ್ನೂ ನಿಜವೆಂದೇ ನಂಬಿದರೂ ಕೋಶ ಸಾಗುವುದು ಒಂದು ಕೂದಲಿನ ದಪ್ಪದಷ್ಟು ದೂರ.

ಜಯನಗರದ ನರರೋಗ ವೈದ್ಯೆ:
ಸರ್, ತಮ್ಮನವರಿಗೆ ಈಗ ಬೇಕಾಗಿರುವುದು ಬೆನ್ನಿನಲ್ಲಿ ಹುಣ್ಣಾಗದಂತೆ ನೋಡಿಕೊಳ್ಳುವುದು, ಮೂತ್ರಕೋಶದ ಆರೈಕೆ, ಕೈ ತೋಳುಗಳ ಬಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ನರ ಪುನಶ್ಚೇತನದ ವಿಭಾಗವಿದೆ, ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ. ಆರು ಲಕ್ಷದಲ್ಲಿ ಮನೆಯ ಬಚ್ಚಲು, ಇಳಿಜಾರು, ಒಳ್ಳೆಯ ಗಾಲಿಕುರ್ಚಿ, ಗಾಳಿಹಾಸಿಗೆ ಎಲ್ಲವೂ ಆಗಿ ಮಿಗುತ್ತದೆ.

ರಾಜಾಜಿನಗರದ ನಿವೃತ್ತ ಎಂಜಿನಿಯರ್:
ಇವತ್ತು ಬೆಳಿಗ್ಗೆ ಆ ಕೇಂದ್ರಕ್ಕೆ ಹೋಗಿದ್ದೆ. ನಿಮ್ಮೆಲ್ಲರ ಮಾತುಗಳಿಂದ ನಾಲ್ಕು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ. ಪರೀಕ್ಷೆಯ ನೋಂದಣಿ ಸಂಖ್ಯೆ ಏನು, ಹುರಿಯ ಬಳಿ ಕ್ಷೇತ್ರ ಎಷ್ಟು, ಗಾಯದ ಬಳಿ ಇಡುವುದು ಯಾವ ಧ್ರುವ, ಕೋಶಗಳು ಅಲ್ಲಿಗೆ ಸೇರಿದವೆಂದು ತಿಳಿಯುವುದು ಹೇಗೆ. ಸಂಖ್ಯೆ "ಬರಬೇಕಿದೆ" ಎಂದರು. ಧ್ರುವವನ್ನು "ಯಂತ್ರವೇ ನೋಡಿಕೊಳ್ಳುತ್ತದೆ" ಎಂದರು. ಯಂತ್ರವನ್ನು ತೋರಿಸಿ ಎಂದೆ. ತಂದು ತೋರಿಸಿದರು; ನಮ್ಮ ಫಿಸಿಯೋ ಅವರು ಹೇಳಿದಂಥದ್ದೇ, ಸ್ನಾಯುವಿಗೆ ಕೊಡುವ ಉಪಕರಣ, ಹಿಂಬದಿಯ ಚೀಟಿಯಲ್ಲಿ ಹಾಗೆಂದೇ ಅಚ್ಚಾಗಿತ್ತು. ಉಳಿದ ಎರಡು ಪ್ರಶ್ನೆಗಳಿಗೆ ಉತ್ತರ ಬರಲಿಲ್ಲ. ಮುಂಗಡವಾಗಿ ಕೊಟ್ಟಿದ್ದ ಹತ್ತು ಸಾವಿರ ರೂಪಾಯಿಯನ್ನು ವಾಪಸ್ ಕೇಳಿ ಬರೆದುಕೊಟ್ಟು ಬಂದಿದ್ದೇನೆ.

ಮನೆಗೆ ಬಂದು ತಮ್ಮನ ಹಾಸಿಗೆಯ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಬೇಸರ ಮಾಡಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ಕೋಶಗಳು ತಿರುಗಿ ಬಂದ ದಾರಿಯಲ್ಲೇ ಹೊರಟವು ಎಂದಿದ್ದೆಯಲ್ಲ, ಆ ವಿಡಿಯೋ ಇದ್ದರೆ ನನಗೆ ತೋರಿಸುತ್ತಾರಾ ಕೇಳು ಎಂದ.

ಯಲಹಂಕದ ಸಂಶೋಧನಾ ವಿದ್ಯಾರ್ಥಿನಿ:
ಖಂಡಿತ ತೋರಿಸುತ್ತೇನೆ, ಸರ್. ನನ್ನ ಮಾರ್ಗದರ್ಶಕರ ಒಪ್ಪಿಗೆ ಕೇಳಿದ್ದೇನೆ. ಭಾನುವಾರ ಲ್ಯಾಪ್‌ಟಾಪ್ ತೆಗೆದುಕೊಂಡು ನಿಮ್ಮ ಮನೆಗೇ ಬರುತ್ತೇನೆ, ಅವರು ಎಷ್ಟು ಸಲ ಕೇಳಿದರೂ ಹಾಕಿ ತೋರಿಸುತ್ತೇನೆ.